ಮನೆಯ ಆಟಗಾರನನ್ನು ಉಳಿಸಿಕೊಳ್ಳಲು ಎನ್‌ಬಿಎ ತಂಡಗಳು ಯಾಕೆ ಪರದಾಡುತ್ತಿವೆ?

2023ರ ಜೂನ್ 12ರ ರಾತ್ರಿ. ನಮ್ಮಲ್ಲಿ ಆಗಲೇ 13ರ ಬೆಳಗು. ಡೆನ್ವರ್‌ನ ಬಾಲ್ ಅರೀನಾದಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್‌ನ ಐದನೇ ಪಂದ್ಯ. ಮಯಾಮಿ ಹೀಟ್ ಒಂದು ಅಂಕ ಮುಂದಿದೆ, ಉಳಿದಿರುವುದು ಒಂದೂವರೆ ನಿಮಿಷ. ಡೆನ್ವರ್ ನಗೆಟ್ಸ್‌ನ ಒಂದು ಎಸೆತ ರಿಂಗ್‌ಗೆ ಬಡಿದು ಹೊರಬಂತು. ಬ್ರೂಸ್ ಬ್ರೌನ್ ಎಲ್ಲಿದ್ದರೋ, ನುಗ್ಗಿ ಬಂದು ಚೆಂಡನ್ನು ಮತ್ತೆ ಬುಟ್ಟಿಗೆ ಹಾಕಿದರು. 90-89. ಸ್ವಲ್ಪ ಹೊತ್ತಿಗೆ ಮಯಾಮಿಯ ಜಿಮ್ಮಿ ಬಟ್ಲರ್ ಕೊಟ್ಟ ಪಾಸನ್ನು ಕೆಂಟೇವಿಯಸ್ ಕಾಲ್ಡ್ವೆಲ್-ಪೋಪ್ ಕಸಿದರು. ಸಿಕ್ಕ ಎರಡು ಫ್ರೀ ಥ್ರೋಗಳನ್ನೂ ಹಾಕಿದರು. ಕೊನೆಯಲ್ಲಿ ಬ್ರೌನ್‌ರದ್ದೇ ಮತ್ತೆರಡು ಫ್ರೀ ಥ್ರೋ. 94-89. 1976ರಲ್ಲಿ ಎನ್‌ಬಿಎ ಸೇರಿದ ತಂಡಕ್ಕೆ ಮೊದಲ ಕಿರೀಟ.

ಆ ತೊಂಬತ್ತು ಸೆಕೆಂಡುಗಳ ಇಬ್ಬರು ಹೀರೋಗಳೂ ಆಮೇಲೆ ಡೆನ್ವರ್‌ನಲ್ಲಿ ಉಳಿಯಲಿಲ್ಲ. ಬ್ರೌನ್ ಮೂರು ವಾರದಲ್ಲೇ ಹೊರಟರು, ಕಾಲ್ಡ್ವೆಲ್-ಪೋಪ್ ಮರುವರ್ಷ. ಎರಡಕ್ಕೂ ಕಾರಣ ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳದ ಮಿತಿ) ಎಂದು ಒಂದೇ ಮಾತಲ್ಲಿ ಮುಗಿಸುವುದುಂಟು. ಆದರೆ ಇಬ್ಬರ ಕಾರಣಗಳು ಒಂದಕ್ಕೊಂದು ತದ್ವಿರುದ್ಧ. ಬ್ರೌನ್‌ಗೆ ಸಾಕಷ್ಟು ಸಂಬಳ ಕೊಡುವ ಹಕ್ಕೇ ಡೆನ್ವರ್‌ಗೆ ಇರಲಿಲ್ಲ. ಕಾಲ್ಡ್ವೆಲ್-ಪೋಪ್‌ಗೆ ಕೇಳಿದಷ್ಟು ಕೊಡುವ ಹಕ್ಕು ಪೂರ್ತಿಯಾಗಿ ಇತ್ತು, ತಂಡವೇ ಕೊಡಲಿಲ್ಲ. ಈ ಎರಡರ ನಡುವಿನ ಅಂತರ ಅರ್ಥವಾದರೆ, ಇವತ್ತು ಎನ್‌ಬಿಎಯಲ್ಲಿ ಗೆದ್ದ ತಂಡಗಳು ಗೆದ್ದ ಮರುಗಳಿಗೆಯಲ್ಲೇ ಯಾಕೆ ಒಡೆದು ಹೋಗುತ್ತಿವೆ ಅನ್ನುವುದೂ ಅರ್ಥವಾಗುತ್ತದೆ.

36 ಲಕ್ಷದಿಂದ 15 ಕೋಟಿಗೆ

ಎನ್‌ಬಿಎಯ ಈಗಿನ ಸಂಬಳ ಮಿತಿ ಶುರುವಾದದ್ದು 1984-85ರ ಸೀಸನ್‌ನಲ್ಲಿ. ಆಗ ಒಂದು ತಂಡದ ಎಲ್ಲ ಆಟಗಾರರಿಗೂ ಸೇರಿ ಮಿತಿ 36 ಲಕ್ಷ ಡಾಲರ್. 2025-26ಕ್ಕೆ ಅದು 15.46 ಕೋಟಿ ಡಾಲರ್. ಹಾಗಂತ ಯಾವ ತಂಡದ ಪಟ್ಟಿ ತೆಗೆದು ನೋಡಿದರೂ ಹೆಚ್ಚಿನವು ಈ ಮಿತಿಯ ಮೇಲೇ ಇರುತ್ತವೆ. ಇದೇನು ಮಿತಿಯೋ ಎಂದು ಮೊದಲ ಸಲ ನೋಡುವವರಿಗೆ ಅನಿಸದೆ ಇರದು.

ಐಪಿಎಲ್ ನೋಡುವ ನಮಗೆ ಈ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಪರ್ಸ್ ಅಂದರೆ ಪರ್ಸ್. 2025ರ ಮೆಗಾ ಹರಾಜಿಗೆ ಮೊದಲು ಪ್ರತಿ ತಂಡಕ್ಕೂ 120 ಕೋಟಿ ರೂಪಾಯಿ. ಆರ್‌ಸಿಬಿ ವಿರಾಟ್ ಕೊಹ್ಲಿಗೆ 21, ರಜತ್ ಪಾಟೀದಾರ್‌ಗೆ 11, ಯಶ್ ದಯಾಳ್‌ಗೆ 5 ಕೋಟಿ ಕೊಟ್ಟು ಉಳಿಸಿಕೊಂಡಿತು. 37 ಕೋಟಿ ಕಳೆದು 83 ಕೋಟಿ ಇಟ್ಟುಕೊಂಡು ಹರಾಜಿಗೆ ಕೂತಿತು. ತನ್ನವನಾಗಲಿ ಹೊರಗಿನವನಾಗಲಿ, ಕೊಟ್ಟ ಪ್ರತಿ ರೂಪಾಯಿಯೂ ಅದೇ ಪರ್ಸ್‌ನಿಂದಲೇ ಹೋಗಬೇಕು.

ಎನ್‌ಬಿಎಯ ಲೆಕ್ಕ ಬೇರೆ. ಹೊರಗಿನವನನ್ನು ದೊಡ್ಡ ಸಂಬಳಕ್ಕೆ ತರಬೇಕಾದರೆ ಮಿತಿಯೊಳಗೆ ಜಾಗ ಇರಬೇಕು. ನಿನ್ನವನೇ ಆದ ಆಟಗಾರನ ಒಪ್ಪಂದ ಮುಗಿದು ಅವನನ್ನು ಮತ್ತೆ ಸಹಿ ಹಾಕಿಸಬೇಕಾದರೆ ಮಿತಿ ಮೀರಬಹುದು. ಊರಿನ ಜನ ವರ್ಷಗಟ್ಟಲೆ ಮೆಚ್ಚಿಕೊಂಡ ಆಟಗಾರ ಬರೀ ಲೆಕ್ಕದ ಕಾರಣಕ್ಕೆ ಊರು ಬಿಡಬಾರದು ಎಂಬುದು ಇದರ ಹಿಂದಿನ ಯೋಚನೆ. ಬಾಸ್ಟನ್ ಸೆಲ್ಟಿಕ್ಸ್‌ನ ಲ್ಯಾರಿ ಬರ್ಡ್ ಹೆಸರಲ್ಲಿ ಇದು ಬರ್ಡ್ ವಿನಾಯಿತಿ ಎಂದೇ ಬಳಕೆಯಾಯಿತು. ತಂಡದ ಕೈಲಿರುವ ಅಧಿಕಾರಕ್ಕೆ ಬರ್ಡ್ ಹಕ್ಕು ಎನ್ನುತ್ತಾರೆ. ಪೂರ್ತಿ ಬರ್ಡ್ ಹಕ್ಕಿದ್ದರೆ ಆಟಗಾರನಿಗೆ ಲೀಗ್ ಅನುಮತಿಸುವ ಗರಿಷ್ಠ ಸಂಬಳವನ್ನೇ ಕೊಡಬಹುದು, ಐದು ವರ್ಷಕ್ಕೆ, ವರ್ಷಕ್ಕೆ ಶೇ 8ರ ಏರಿಕೆಯೊಂದಿಗೆ. ಹೊರಗಿನ ತಂಡ ನಾಲ್ಕು ವರ್ಷ, ಶೇ 5ರ ಏರಿಕೆ ಮಾತ್ರ ಕೊಡಬಲ್ಲದು. ಕಾಗದದ ಮೇಲೆ ಮನೆಯ ತಂಡದ ಕೈ ಯಾವಾಗಲೂ ಮೇಲು.

ಗಡಿಯಾರ ಎಲ್ಲಿಂದ ಶುರು?

ಹಾಗಾದರೆ ಬ್ರೂಸ್ ಬ್ರೌನ್ ಯಾಕೆ ಹೋದರು? ಅವರು ಡೆನ್ವರ್‌ನಲ್ಲಿ ಆಡಿದ್ದು ಒಂದೇ ವರ್ಷ. ಬರ್ಡ್ ಹಕ್ಕು ಬಲಿಯಲು ಮೂರು ಸೀಸನ್ ಬೇಕು.

ಇಲ್ಲಿ ಮೂರು ಮೆಟ್ಟಿಲುಗಳಿವೆ. ಮೂರು ಸೀಸನ್ ಆದರೆ ಪೂರ್ತಿ ಹಕ್ಕು. ಎರಡಾದರೆ ಅರ್ಲಿ ಬರ್ಡ್: ಹಿಂದಿನ ಸಂಬಳದ ಶೇ 175 ಅಥವಾ ಲೀಗ್‌ನ ಸರಾಸರಿಗಿಂತ ತುಸು ಹೆಚ್ಚು, ಇವೆರಡರಲ್ಲಿ ಯಾವುದು ದೊಡ್ಡದೋ ಅಷ್ಟು. ಒಂದೇ ಆದರೆ ನಾನ್-ಬರ್ಡ್ ಎಂಬ ವಿಚಿತ್ರ ಹೆಸರಿನ ಹಕ್ಕು: ಹಿಂದಿನ ಸಂಬಳದ ಶೇ 120. ಬ್ರೌನ್‌ಗೆ ಡೆನ್ವರ್ ಆ ವರ್ಷ ಕೊಟ್ಟದ್ದು ಸುಮಾರು 65 ಲಕ್ಷ ಡಾಲರ್. ಅದರ ಶೇ 120 ಅಂದರೆ ಸುಮಾರು 78 ಲಕ್ಷ. ಇಂಡಿಯಾನಾ ಪೇಸರ್ಸ್ ಎರಡು ವರ್ಷಕ್ಕೆ 4.5 ಕೋಟಿ ಡಾಲರ್‌ನ ಕಾಗದ ಮುಂದಿಟ್ಟಿತು. ಮೊದಲ ವರ್ಷಕ್ಕೇ 2.2 ಕೋಟಿ. ಚಾಂಪಿಯನ್ ತಂಡದ ಮೇಲಿನ ಪ್ರೀತಿಗೆ ವರ್ಷಕ್ಕೆ 1.4 ಕೋಟಿ ಡಾಲರ್ ಬೆಲೆ ಕಟ್ಟಬೇಕು ಎಂದರೆ ಯಾರು ಕಟ್ಟಿಯಾರು? ಡೆನ್ವರ್ ಮಾಲೀಕರು ಜೇಬು ಬಿಚ್ಚಲು ತಯಾರಿದ್ದರೂ ಬಿಚ್ಚುವಂತಿರಲಿಲ್ಲ.

ಮರುವರ್ಷ ನ್ಯೂಯಾರ್ಕ್ ನಿಕ್ಸ್‌ಗೆ ಇದೇ ಪಾಠ ಒಂದು ಮೆಟ್ಟಿಲು ಮೇಲೆ ಆಯಿತು. ಸೆಂಟರ್ ಐಸಾಯಾ ಹಾರ್ಟನ್‌ಸ್ಟೈನ್ ಎರಡು ವರ್ಷದ, 1.6 ಕೋಟಿಯ ಒಪ್ಪಂದ ಮುಗಿಸಿದ್ದರು. ನಿಕ್ಸ್ ಬಳಿ ಅರ್ಲಿ ಬರ್ಡ್ ಮಾತ್ರ. ಅದರಡಿ ಹೆಚ್ಚೆಂದರೆ ನಾಲ್ಕು ವರ್ಷಕ್ಕೆ 7.25 ಕೋಟಿ. ಒಕ್ಲಹೋಮ ಸಿಟಿ ಥಂಡರ್ ಮೂರೇ ವರ್ಷಕ್ಕೆ 8.7 ಕೋಟಿ ಎಂದಿತು. ಹಾರ್ಟನ್‌ಸ್ಟೈನ್ ಹೋದರು, ಮುಂದಿನ ವರ್ಷವೇ ಚಾಂಪಿಯನ್ ಆದರು. ಅದೇ ಬೇಸಿಗೆಯಲ್ಲಿ ಸ್ಯಾಕ್ರಮೆಂಟೊದ ಮಲಿಕ್ ಮಂಕ್ ಅರ್ಲಿ ಬರ್ಡ್‌ನ ಗರಿಷ್ಠ, ಅಂದರೆ ನಾಲ್ಕು ವರ್ಷಕ್ಕೆ 7.8 ಕೋಟಿ, ತೆಗೆದುಕೊಂಡು ಅಲ್ಲೇ ಉಳಿದರು. ಅರ್ಲಿ ಬರ್ಡ್ ಅನ್ನುವುದು ಹೀಗೆ ಅರ್ಧ ಹಗ್ಗ. ಕೆಲವರನ್ನು ಕಟ್ಟಿಹಾಕುತ್ತದೆ, ಕೆಲವರನ್ನಿಲ್ಲ.

ಈ ಗಡಿಯಾರದ ಲೆಕ್ಕದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಮೂರು ಸೀಸನ್ ಅಂದರೆ ಒಂದೇ ತಂಡದಲ್ಲಿ ಮೂರು ಸೀಸನ್ ಎಂದಲ್ಲ. ನಮ್ಮಲ್ಲಿ ಸರ್ಕಾರಿ ನೌಕರ ವರ್ಗವಾಗಿ ಬೇರೆ ಊರಿಗೆ ಹೋದರೆ ಸರ್ವಿಸ್ ಮುರಿಯುವುದಿಲ್ಲ. ಅದೇ ರಾಜೀನಾಮೆ ಕೊಟ್ಟು ಬೇರೆ ಕಡೆ ಹೊಸದಾಗಿ ಸೇರಿದರೆ ಸರ್ವಿಸ್ ಒಂದರಿಂದ. ಇಲ್ಲೂ ಹಾಗೆಯೇ. ಆಟಗಾರನನ್ನು ಟ್ರೇಡ್ ಮಾಡಿದರೆ, ಅಂದರೆ ಒಪ್ಪಂದದ ಸಮೇತ ಬೇರೆ ತಂಡಕ್ಕೆ ಕೊಟ್ಟರೆ, ಅವನ ಗಡಿಯಾರ ಅವನ ಜೊತೆಯೇ ಹೊಸ ತಂಡಕ್ಕೆ ಹೋಗುತ್ತದೆ. ಒಪ್ಪಂದ ಮುಗಿದು ಸ್ವತಂತ್ರನಾಗಿ, ಅಂದರೆ ಫ್ರೀ ಏಜೆಂಟ್ ಆಗಿ, ಅವನೇ ತಂಡ ಬದಲಿಸಿದರೆ ಮುಳ್ಳು ಸೊನ್ನೆಗೆ. ಕಾಲ್ಡ್ವೆಲ್-ಪೋಪ್ 2022ರಲ್ಲಿ ವಾಷಿಂಗ್ಟನ್‌ನಿಂದ ಟ್ರೇಡ್‌ನಲ್ಲಿ ಬಂದವರು. ಬ್ರೌನ್ ಅದೇ ಬೇಸಿಗೆಯಲ್ಲಿ ಫ್ರೀ ಏಜೆಂಟ್ ಆಗಿ ಬಂದವರು. ಇಬ್ಬರೂ ಒಂದೇ ವರ್ಷ ಒಂದೇ ಬಾಗಿಲಿಂದ ಒಳಗೆ ಬಂದಂತೆ ಕಂಡರೂ ತಂಡಕ್ಕೆ ಅವರ ಮೇಲಿದ್ದ ಹಕ್ಕು ಒಂದೇ ಅಲ್ಲ.

ಈ ಗಡಿಯಾರಕ್ಕೆ ಎಷ್ಟು ಬೆಲೆ ಎಂದು ತಿಳಿಯಲು ಜೋ ಸ್ಮಿತ್ ಪ್ರಕರಣ ನೋಡಬೇಕು. ಮಿನೆಸೋಟ ಟಿಂಬರ್‌ವುಲ್ವ್ಸ್ ಅವರ ಜೊತೆ ಗುಟ್ಟಾಗಿ ಒಂದು ಬರಹದ ಮಾತುಕತೆ ಮಾಡಿಕೊಂಡಿತ್ತು: ಮೂರು ವರ್ಷ ಕಡಿಮೆ ಸಂಬಳಕ್ಕೆ, ವರ್ಷಕ್ಕೊಂದು ಒಪ್ಪಂದದಂತೆ ಆಡಿ, ಮೂರು ವರ್ಷ ಆದ ಮೇಲೆ ನಮ್ಮ ಕೈಗೆ ಪೂರ್ತಿ ಬರ್ಡ್ ಹಕ್ಕು ಬರುತ್ತದೆ, ಆಗ 8.6 ಕೋಟಿ ಡಾಲರ್‌ವರೆಗೆ ಕೊಡುತ್ತೇವೆ. ಚೀಟಿ ಫಂಡ್‌ನಂತೆ ಮೊದಲು ಕಟ್ಟಿ, ಆಮೇಲೆ ಎತ್ತುವ ಲೆಕ್ಕ. ಏಜೆಂಟರ ನಡುವಿನ ಜಗಳದಲ್ಲಿ ಆ ಕಾಗದ ಹೊರಬಿತ್ತು. 2000ನೇ ಇಸವಿಯಲ್ಲಿ ಕಮಿಷನರ್ ಡೇವಿಡ್ ಸ್ಟರ್ನ್ ಒಪ್ಪಂದ ರದ್ದು ಮಾಡಿ, 35 ಲಕ್ಷ ಡಾಲರ್ ದಂಡ ಹಾಕಿ, ಐದು ಮೊದಲ ಸುತ್ತಿನ ಡ್ರಾಫ್ಟ್ ಸರದಿಗಳನ್ನು (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಗಳನ್ನು) ಕಿತ್ತುಕೊಂಡರು. ಎರಡನ್ನು ಆಮೇಲೆ ಹಿಂದಿರುಗಿಸಿದರು. ಸ್ಮಿತ್ ಮೇಲೆ ತಂಡ ಬೆಳೆಸಿಕೊಂಡಿದ್ದ ಹಕ್ಕೂ ಹೋಯಿತು. ಕೆವಿನ್ ಗಾರ್ನೆಟ್ ಪಕ್ಕದಲ್ಲಿ ಒಳ್ಳೆ ಆಟಗಾರರನ್ನು ಕಟ್ಟಬೇಕಾದ ವರ್ಷಗಳಲ್ಲಿ ತಂಡದ ಕೈಲಿ ಮೊದಲ ಸುತ್ತಿನ ಸರದಿಗಳೇ ವಿರಳ.

ಗಡಿಯಾರದ ಇನ್ನೊಂದು ಬಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಎರಡನೇ ಸುತ್ತಿನಲ್ಲಿ ಸಿಕ್ಕ ಗಿಲ್ಬರ್ಟ್ ಅರೀನಾಸ್ ಎರಡೇ ವರ್ಷದಲ್ಲಿ ಬೆಳೆದು ನಿಂತರು. 2003ರಲ್ಲಿ ವಾಷಿಂಗ್ಟನ್ ದೊಡ್ಡ ಮೊತ್ತ ಮುಂದಿಟ್ಟಾಗ ಸರಿಗಟ್ಟಲು ವಾರಿಯರ್ಸ್ ಬಳಿ ಸಾಕಷ್ಟು ಹಕ್ಕಿರಲಿಲ್ಲ. ತಾನೇ ಹುಡುಕಿ ತೆಗೆದ ಹುಡುಗ ಕಣ್ಣೆದುರೇ ಹೋದ. ಲೀಗ್ 2005ರಲ್ಲಿ ಇದಕ್ಕೆ ಮದ್ದು ಮಾಡಿತು: ಇಂಥ ಆಟಗಾರರಿಗೆ ಹೊರಗಿನವರು ಮೊದಲೆರಡು ವರ್ಷ ಸಣ್ಣ ಸಂಬಳವನ್ನೇ ಕೊಡಬೇಕು, ಮೂರನೇ ವರ್ಷ ಬೇಕಾದರೆ ಏರಿಸಲಿ. 2012ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಅದೇ ಮದ್ದನ್ನು ವಿಷವಾಗಿ ಬಳಸಿತು. ಜೆರೆಮಿ ಲಿನ್‌ಗೆ ಮೊದಲೆರಡು ವರ್ಷ ಐದು ಚಿಲ್ಲರೆ ದಶಲಕ್ಷದಂತೆ, ಮೂರನೇ ವರ್ಷ ಒಮ್ಮೆಲೇ 1.49 ಕೋಟಿ. ಸಂಬಳ ಒಂದು ಗೆರೆ ದಾಟಿದರೆ ತಂಡ ಲೀಗ್‌ಗೆ ತೆರಿಗೆ ಕಟ್ಟಬೇಕು; ನಿಕ್ಸ್ ಮೂರನೇ ವರ್ಷದ ಆ ತೆರಿಗೆ ಲೆಕ್ಕ ಹಾಕಿ ಕೈಬಿಟ್ಟಿತು. ಎನ್‌ಬಿಎಯಲ್ಲಿ ಒಂದು ತೂತು ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ಕೊರೆಯಲು ಪ್ರತಿ ತಂಡದಲ್ಲೂ ಒಬ್ಬ ವಕೀಲ ಕೂತಿರುತ್ತಾನೆ.

ಕಿಟಕಿಯಿಂದ ಟವೆಲ್

ನಿನ್ನವನಿಗೆ ಮಿತಿ ಮೀರಿ ಕೊಡಬಹುದು ಎಂದರೆ ತಕ್ಷಣ ಒಂದು ಉಪಾಯ ಹೊಳೆಯುತ್ತದೆ. ಎಲ್ಲ ಒಪ್ಪಂದ ಮುಗಿದ ಬೇಸಿಗೆಯಲ್ಲಿ ಖಾಲಿ ಪಟ್ಟಿ ತೋರಿಸಿ ಮೊದಲು ಹೊರಗಿನ ಸ್ಟಾರ್‌ಗಳನ್ನು ತುಂಬಿಕೊಂಡು, ಆಮೇಲೆ ನನ್ನವರನ್ನು ಮಿತಿ ಮೀರಿ ಸಹಿ ಹಾಕಿಸಿದರಾಯಿತಲ್ಲ? ಇದನ್ನು ತಡೆಯಲು ಕ್ಯಾಪ್ ಹೋಲ್ಡ್ ಇದೆ.

ಜಾತ್ರೆ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮಗೆ ಗೊತ್ತು. ಮನುಷ್ಯ ಇನ್ನೂ ಹತ್ತಿಲ್ಲ, ಆದರೆ ಸೀಟು ಅವನದು. ಕ್ಯಾಪ್ ಹೋಲ್ಡ್ ಆ ಟವೆಲ್. ಒಪ್ಪಂದ ಮುಗಿದ ನಿನ್ನ ಆಟಗಾರ ಸಹಿ ಹಾಕುವವರೆಗೂ ಒಂದು ಮೊತ್ತ ನಿನ್ನ ಲೆಕ್ಕದಲ್ಲಿ ಜಾಗ ಹಿಡಿದು ಕೂತಿರುತ್ತದೆ. ಜಾಗ ಬೇಕೆಂದರೆ ಟವೆಲ್ ತೆಗೆಯಬಹುದು, ಆದರೆ ತೆಗೆದರೆ ಬರ್ಡ್ ಹಕ್ಕೂ ಹೋಯಿತು.

ಟವೆಲ್ ಎಷ್ಟು ಅಗಲ ಎಂಬುದನ್ನು ನಿರ್ಧರಿಸುವುದು ಹಳೇ ಸಂಬಳ. ಮುಂದೆ ಸಿಗುವ ಸಂಬಳಕ್ಕೂ ಅದಕ್ಕೂ ಸಂಬಂಧವಿಲ್ಲ. ಸರಾಸರಿಗಿಂತ ಹೆಚ್ಚು ಪಡೆಯುತ್ತಿದ್ದ ಅನುಭವಿಗೆ ಹಿಂದಿನ ಸಂಬಳದ ಒಂದೂವರೆ ಪಟ್ಟು. ವಯಸ್ಸಾಗಿ ಬೆಲೆ ಇಳಿಯುತ್ತಿರುವ ಆಟಗಾರನಾದರೆ ಟವೆಲ್ ಮನುಷ್ಯನಿಗಿಂತ ದೊಡ್ಡದಾಗುತ್ತದೆ. ಮೊದಲ ಸುತ್ತಿನಲ್ಲಿ ಆಯ್ಕೆಯಾಗಿ ಮೊದಲ ಒಪ್ಪಂದ ಮುಗಿಸಿದ ಹುಡುಗನಾದರೆ ಇದರ ಉಲ್ಟಾ: ಟವೆಲ್ ಚಿಕ್ಕದು, ಮನುಷ್ಯ ದೊಡ್ಡವನು. ಜಾಣ ತಂಡಗಳು ಆಡುವುದು ಇಲ್ಲೇ.

2015ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಕವಾಯ್ ಲೆನಾರ್ಡ್ ಫೈನಲ್ಸ್ ಎಂವಿಪಿ (ಅತ್ಯುತ್ತಮ ಆಟಗಾರ) ಆಗಿ ಒಂದು ವರ್ಷ ಕಳೆದಿತ್ತು. ಗರಿಷ್ಠ ಸಂಬಳ ಖಚಿತ. ಆದರೆ ಅವರ ಟವೆಲ್ ಬರೀ 72 ಲಕ್ಷ ಡಾಲರ್‌ನದು. ಗರಿಷ್ಠ ಸಂಬಳ 1.64 ಕೋಟಿಯಿಂದ ಶುರುವಾಗುತ್ತಿತ್ತು. ಲೆನಾರ್ಡ್ ಸುಮ್ಮನೆ ಕಾದರು, ತಂಡ ಆ ಉಳಿದ ಜಾಗದಲ್ಲಿ ಲಾಮಾರ್ಕಸ್ ಆಲ್ಡ್ರಿಜ್‌ರನ್ನು ತಂದಿತು, ಆಮೇಲೆ ಲೆನಾರ್ಡ್ ಸಹಿ ಹಾಕಿದರು. 2024ರಲ್ಲಿ ಫಿಲಡೆಲ್ಫಿಯಾ ಸೆವೆಂಟಿ ಸಿಕ್ಸರ್ಸ್ ಅದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತು. ಟೈರೀಸ್ ಮ್ಯಾಕ್ಸಿಯ ಟವೆಲ್ 1.3 ಕೋಟಿ, ಅವರಿಗೆ ಕೊಡಬೇಕಾಗಿದ್ದ ಮೊದಲ ವರ್ಷದ ಸಂಬಳ 3.51 ಕೋಟಿ. ಆ 2.2 ಕೋಟಿಯ ಅಂತರದ ಬಲದಿಂದಲೇ ಪಾಲ್ ಜಾರ್ಜ್ ಜೊತೆ ನಾಲ್ಕು ವರ್ಷಕ್ಕೆ 21.2 ಕೋಟಿಯ ಒಪ್ಪಂದ ಸಾಧ್ಯವಾಯಿತು. ಮ್ಯಾಕ್ಸಿ ಒಂದು ವರ್ಷ ಮೊದಲೇ ಒಪ್ಪಂದ ವಿಸ್ತರಿಸಿಕೊಂಡು ನೆಮ್ಮದಿಯಾಗಿರಬಹುದಿತ್ತು. ತಂಡ ಕಾಯಿರಿ ಎಂದಿತು, ಹುಡುಗ ಕಾದ. ಕಾಲು ಮುರಿದುಕೊಂಡಿದ್ದರೆ? ಆ ಅಪಾಯ ತಂಡದ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಕಾಣುವುದಿಲ್ಲ. (ಪಾಲ್ ಜಾರ್ಜ್ ಬಂದ ಮೊದಲ ವರ್ಷ ತಂಡ 24 ಪಂದ್ಯವನ್ನಷ್ಟೇ ಗೆದ್ದಿತು. ಉಪಾಯ ಸರಿಯಿದ್ದ ಮಾತ್ರಕ್ಕೆ ಆಯ್ಕೆ ಸರಿಯಿರಬೇಕೆಂದಿಲ್ಲ.)

ಏಪ್ರನ್ ಕಟ್ಟಿದ ಮೇಲೆ

ಇನ್ನು ಕಾಲ್ಡ್ವೆಲ್-ಪೋಪ್ ವಿಷಯಕ್ಕೆ ಬರೋಣ. ಇಲ್ಲಿಂದ ಕಥೆ 2023ಕ್ಕೆ ಮೊದಲು, 2023ರ ನಂತರ ಎಂದು ಎರಡಾಗುತ್ತದೆ.

ಸಂಬಳ ಮಿತಿಯ ಮೇಲೆ ಇನ್ನೂ ಮೂರು ಗೆರೆಗಳಿವೆ. 2025-26ರ ಅಂಕಿಗಳಲ್ಲಿ ಹೇಳುವುದಾದರೆ 18.79 ಕೋಟಿ ಡಾಲರ್‌ಗೆ ಲಕ್ಸುರಿ ಟ್ಯಾಕ್ಸ್ ಗೆರೆ, 19.59 ಕೋಟಿಗೆ ಮೊದಲ ಏಪ್ರನ್, 20.78 ಕೋಟಿಗೆ ಎರಡನೇ ಏಪ್ರನ್. ಮೊದಲಿನದು ದುಡ್ಡಿನ ಶಿಕ್ಷೆ. ಆಟಗಾರರ ಸಂಘದ ಜೊತೆ 2023ರಲ್ಲಿ ಆದ ಹೊಸ ಒಪ್ಪಂದ ತಂದ ಎರಡನೇ ಏಪ್ರನ್ ಕೈಕಾಲು ಕಟ್ಟುವ ಶಿಕ್ಷೆ. ಅದನ್ನು ದಾಟಿದ ತಂಡ ಇಬ್ಬರ ಸಂಬಳ ಕೂಡಿಸಿ ಒಬ್ಬ ದೊಡ್ಡ ಆಟಗಾರನನ್ನು ಟ್ರೇಡ್‌ನಲ್ಲಿ ತರುವಂತಿಲ್ಲ. ಟ್ರೇಡ್‌ಗೆ ನಗದು ಸೇರಿಸುವಂತಿಲ್ಲ. ಹೊರಗಿನ ಫ್ರೀ ಏಜೆಂಟ್‌ಗೆ ಕನಿಷ್ಠ ಸಂಬಳ ಬಿಟ್ಟು ಬೇರೇನೂ ಕೊಡುವಂತಿಲ್ಲ. ಏಳು ವರ್ಷ ಮುಂದಿನ ಮೊದಲ ಸುತ್ತಿನ ಡ್ರಾಫ್ಟ್ ಸರದಿಯನ್ನು ಟ್ರೇಡ್ ಮಾಡದಂತೆ ಬೀಗ ಬೀಳುತ್ತದೆ. ಮುಂದಿನ ನಾಲ್ಕು ವರ್ಷಗಳಲ್ಲಿ ಇನ್ನೆರಡು ಸಲ ಗೆರೆ ದಾಟಿದರೆ ಆ ಸರದಿ ಸುತ್ತಿನ ಕಟ್ಟಕಡೆಗೆ ಹೋಗುತ್ತದೆ.

ಇಷ್ಟು ತಡೆಗಳ ಪಟ್ಟಿಯಲ್ಲಿ ಒಂದು ತಡೆ ಮಾತ್ರ ಇಲ್ಲ. ಬರ್ಡ್ ಹಕ್ಕಿರುವ ನಿನ್ನ ಆಟಗಾರನನ್ನು ಮತ್ತೆ ಸಹಿ ಹಾಕಿಸಬೇಡ ಎಂದು ಎರಡನೇ ಏಪ್ರನ್ ಎಲ್ಲೂ ಹೇಳುವುದಿಲ್ಲ. (ಮಿತಿ ಮೀರಿದ ತಂಡವೂ ಹೊರಗಿನವನಿಗೆ ಇಂತಿಷ್ಟು ಕೊಡಲು ಬಿಡುವ ಮಿಡ್-ಲೆವೆಲ್ ವಿನಾಯಿತಿಯನ್ನು ಪೂರ್ತಿ ಬಳಸಿಯೋ, ಹಳೇ ತಂಡವೇ ಸಹಿ ಹಾಕಿಸಿ ಕೂಡಲೇ ಕೊಡುವ ಸೈನ್-ಅಂಡ್-ಟ್ರೇಡ್‌ನಲ್ಲಿ ಆಟಗಾರನನ್ನು ತಂದೋ ತಾನೇ ಹಾರ್ಡ್ ಕ್ಯಾಪ್‌ಗೆ, ಅಂದರೆ ದಾಟಲೇಬಾರದ ಮಿತಿಗೆ, ಸಿಕ್ಕಿಕೊಂಡ ತಂಡದ ವಿಷಯ ಬೇರೆ, ಅಂಥವರಿಗೆ ಬರ್ಡ್ ಹಕ್ಕಿದ್ದರೂ ಗೆರೆ ದಾಟಲಾಗದು.) ಹಕ್ಕು ಹಾಗೇ ಇದೆ. ಅದನ್ನು ಬಳಸಿದ ಮೇಲೆ ಬದುಕು ಹೇಗಿರುತ್ತದೆ ಎಂಬುದು ಬದಲಾಗಿದೆ.

ಒಂದು ಲೆಕ್ಕ ಬಿಡಿಸಿ ನೋಡೋಣ. ಒಂದು ತಂಡ 2025-26ರಲ್ಲಿ ಸರಿಯಾಗಿ ಟ್ಯಾಕ್ಸ್ ಗೆರೆಯ ಮೇಲೆ ನಿಂತಿದೆ ಎನ್ನಿ. ಹಿಂದಿನ ನಾಲ್ಕು ವರ್ಷಗಳಲ್ಲಿ ಮೂರು ಸಲ ತೆರಿಗೆ ಕಟ್ಟಿದ್ದರಿಂದ ಅದಕ್ಕೆ ರಿಪೀಟರ್ ದರ. ಈಗ ತನ್ನವನೇ ಒಬ್ಬನನ್ನು 2 ಕೋಟಿ ಡಾಲರ್‌ಗೆ ಉಳಿಸಿಕೊಳ್ಳಬೇಕು. ತೆರಿಗೆ ಹಂತಹಂತವಾಗಿ ಏರುತ್ತದೆ: ಮೊದಲ 56.85 ಲಕ್ಷಕ್ಕೆ ಡಾಲರ್‌ಗೆ 3 ಡಾಲರ್, ಮುಂದಿನ ಅಷ್ಟಕ್ಕೆ 3.25, ಅದರ ಮುಂದಿನದಕ್ಕೆ 5.50, ಉಳಿದದ್ದಕ್ಕೆ 6.75. ಕೂಡಿಸಿದರೆ ತೆರಿಗೆಯೇ ಸುಮಾರು 8.67 ಕೋಟಿ. ಅಂದರೆ 2 ಕೋಟಿಯ ಆಟಗಾರ ಮಾಲೀಕನಿಗೆ 10.67 ಕೋಟಿ ಡಾಲರ್‌ಗೆ ಬೀಳುತ್ತಾನೆ. ಅದು ಸಾಲದೆಂಬಂತೆ 18.79ಕ್ಕೆ 2 ಕೂಡಿಸಿದರೆ ತಂಡ ಎರಡನೇ ಏಪ್ರನ್ನನ್ನು ಕೂದಲೆಳೆಯಷ್ಟು, ಕರಾರುವಾಕ್ಕಾಗಿ ಹೇಳುವುದಾದರೆ ಸುಮಾರು 71 ಸಾವಿರ ಡಾಲರ್‌ನಷ್ಟು ದಾಟಿರುತ್ತದೆ. ಆ 71 ಸಾವಿರಕ್ಕೆ ಮೇಲಿನ ಎಲ್ಲ ಬೇಡಿಗಳೂ ಬಂದು ಬೀಳುತ್ತವೆ.

ಕಾಲ್ಡ್ವೆಲ್-ಪೋಪ್ 2024ರ ಬೇಸಿಗೆಯಲ್ಲಿ 1.54 ಕೋಟಿಯ ಆಯ್ಕೆ ವರ್ಷವನ್ನು (ಆಡುವುದೋ ಬಿಡುವುದೋ ಆಟಗಾರನಿಗೇ ಬಿಟ್ಟ ಕೊನೆಯ ವರ್ಷವನ್ನು) ಬಿಟ್ಟು ಮಾರುಕಟ್ಟೆಗೆ ಬಂದಾಗ ಡೆನ್ವರ್ ಎದುರಿಗಿದ್ದದ್ದು ಇಂಥ ಲೆಕ್ಕ. ನಿಕೋಲ ಯೋಕಿಚ್, ಜಮಾಲ್ ಮರ್ರೆ, ಮೈಕೆಲ್ ಪೋರ್ಟರ್ ಜೂನಿಯರ್: ಮೂವರೂ ಡೆನ್ವರ್ ತಾನೇ ಡ್ರಾಫ್ಟ್ ಮಾಡಿ ಬೆಳೆಸಿದವರು, ಮೂವರಿಗೂ ಭಾರೀ ಸಂಬಳ. ಯೋಕಿಚ್ ಅಂತೂ 2014ರಲ್ಲಿ ಎರಡನೇ ಸುತ್ತಿನ 41ನೇ ಆಯ್ಕೆ. ಹೊರಗಿನಿಂದ ಸ್ಟಾರ್‌ಗಳನ್ನು ಕೊಂಡು ತಂದ ತಂಡವಲ್ಲ ಇದು. ಒರ್ಲ್ಯಾಂಡೊ ಮ್ಯಾಜಿಕ್ ಮೂರು ವರ್ಷಕ್ಕೆ 6.6 ಕೋಟಿ ಕೊಟ್ಟಿತು. ಡೆನ್ವರ್ ಆ ಮೊತ್ತವನ್ನು ಸರಿಗಟ್ಟಬಹುದಿತ್ತು, ಸರಿಗಟ್ಟಲಿಲ್ಲ.

ಇದರಲ್ಲಿ ಇನ್ನೊಂದು ಕುತ್ತಿಗೆ ಹಿಸುಕುವ ಸಂಗತಿ ಇದೆ, ಅದನ್ನು ಹೆಚ್ಚು ಜನ ಗಮನಿಸುವುದಿಲ್ಲ. ಬರ್ಡ್ ಹಕ್ಕನ್ನು ಬೇರೆ ಯಾವುದಕ್ಕೂ ಪರಿವರ್ತಿಸಲಾಗದು. ಕಾಲ್ಡ್ವೆಲ್-ಪೋಪ್‌ಗೆ ಕೊಡಬಹುದಾಗಿದ್ದ 2.2 ಕೋಟಿಯನ್ನು ಅವರು ಹೋದ ಮೇಲೆ ಇನ್ನೊಬ್ಬನಿಗೆ ಕೊಡಲು ಡೆನ್ವರ್‌ಗೆ ಅವಕಾಶವಿಲ್ಲ. ಮಿತಿಗಿಂತ ಕೆಳಗಿರುವ ತಂಡದಿಂದ ಒಬ್ಬ ಹೋದರೆ ಆ ಜಾಗದಲ್ಲಿ ಇನ್ನೊಬ್ಬ ಬರುತ್ತಾನೆ. ಮೇಲಿರುವ ತಂಡದಿಂದ ಹೋದರೆ ಜಾಗವೇ ಇಲ್ಲ, ಬರೀ ಗುಂಡಿ. ಹೀಗಾಗಿ ತನ್ನವನನ್ನು ಉಳಿಸಿಕೊಳ್ಳುವುದು ಯಾರಿಗೆ ಅತ್ಯಂತ ದುಬಾರಿಯೋ, ಅವನನ್ನು ಕಳೆದುಕೊಳ್ಳುವುದೂ ಅವರಿಗೇ ಅತ್ಯಂತ ದುಬಾರಿ. ಡೆನ್ವರ್ ಆ ಜಾಗಕ್ಕೆ ತನ್ನದೇ ಹುಡುಗ ಕ್ರಿಶ್ಚಿಯನ್ ಬ್ರೌನ್‌ರನ್ನು ನಿಲ್ಲಿಸಿತು. ಹುಡುಗ ಚೆನ್ನಾಗಿಯೇ ಆಡಿದರು. ಆದರೆ ಬೆಂಚಿನಲ್ಲಿ ಅವರಿದ್ದ ಜಾಗ ಖಾಲಿಯಾಯಿತಲ್ಲ, ಅದನ್ನು ತುಂಬಲು ಯಾರೂ ಇರಲಿಲ್ಲ. 2025ರ ಎರಡನೇ ಸುತ್ತಿನ ಏಳನೇ ಪಂದ್ಯದಲ್ಲಿ ಒಕ್ಲಹೋಮ ಎದುರು ತಂಡ ಸುಸ್ತಾಗಿ ಕುಸಿಯಿತು.

ಬಾಸ್ಟನ್ನಿನದು ಇನ್ನೂ ದೊಡ್ಡ ಕಥೆ, ಆದರೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳಿಬಿಡುತ್ತೇನೆ. ಜೇಲನ್ ಬ್ರೌನ್‌ಗೆ 2023ರಲ್ಲಿ ಐದು ವರ್ಷಕ್ಕೆ 30.4 ಕೋಟಿ, ಜೇಸನ್ ಟೇಟಮ್‌ಗೆ 2024ರಲ್ಲಿ 31.4 ಕೋಟಿ. ಇಬ್ಬರನ್ನೂ ಬಾಸ್ಟನ್ ತಾನೇ ಡ್ರಾಫ್ಟ್ ಮಾಡಿದ್ದು. 2024ರಲ್ಲಿ ಕಿರೀಟ. 2025-26ಕ್ಕೆ ಪಟ್ಟಿಯನ್ನು ಹಾಗೇ ಬಿಟ್ಟಿದ್ದರೆ ಸಂಬಳ, ತೆರಿಗೆ ಸೇರಿ 50 ಕೋಟಿ ಡಾಲರ್ ಮುಟ್ಟುವ ಅಂದಾಜಿತ್ತು. 2025ರ ಮೇನಲ್ಲಿ ಟೇಟಮ್ ಹಿಮ್ಮಡಿಯ ಸ್ನಾಯುರಜ್ಜು (ಅಕಿಲಿಸ್) ಹರಿದುಕೊಂಡ ಮೇಲೆ ಯೋಚಿಸಲು ಏನೂ ಉಳಿಯಲಿಲ್ಲ. ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡ್‌ಗೆ, ಕ್ರಿಸ್ಟಾಪ್ಸ್ ಪೋರ್ಜಿಂಗಿಸ್ ಅಟ್ಲಾಂಟಾಕ್ಕೆ, ಲೂಕ್ ಕಾರ್ನೆಟ್ ಸ್ಯಾನ್ ಆಂಟೋನಿಯೊಗೆ, ಆಲ್ ಹಾರ್ಫರ್ಡ್ ಗೋಲ್ಡನ್ ಸ್ಟೇಟ್‌ಗೆ. ಚಾಂಪಿಯನ್ ತಂಡದ ಎತ್ತರದ ಪ್ರಮುಖ ಆಟಗಾರರೆಲ್ಲ ಒಂದೇ ಬೇಸಿಗೆಯಲ್ಲಿ ಖಾಲಿ.

ಎಲ್ಲವನ್ನೂ ಏಪ್ರನ್ ತಲೆಗೆ ಕಟ್ಟುವುದೂ ಸರಿಯಲ್ಲ. ಅದೇ ಬೇಸಿಗೆಯಲ್ಲಿ ಇಂಡಿಯಾನಾ ಪೇಸರ್ಸ್ ಹತ್ತು ವರ್ಷ ತನ್ನಲ್ಲೇ ಆಡಿದ ಮೈಲ್ಸ್ ಟರ್ನರ್‌ರನ್ನು ಬಿಟ್ಟುಕೊಟ್ಟಿತು. ಫೈನಲ್ಸ್ ಏಳನೇ ಪಂದ್ಯದವರೆಗೆ ಹೋಗಿದ್ದ ತಂಡ ಅದು. ಪೂರ್ತಿ ಬರ್ಡ್ ಹಕ್ಕು ಕೈಲಿತ್ತು. ಮಿಲ್ವಾಕಿ ಬಕ್ಸ್ ಡೇಮಿಯನ್ ಲಿಲ್ಲಾರ್ಡ್‌ಗೆ ಬಾಕಿಯಿದ್ದ ಸುಮಾರು 11.3 ಕೋಟಿಯನ್ನು ಐದು ವರ್ಷಕ್ಕೆ ಹಂಚಿ ಅವರನ್ನು ಬಿಡುಗಡೆ ಮಾಡಿ, ಆ ಜಾಗದಲ್ಲಿ ಟರ್ನರ್‌ಗೆ ನಾಲ್ಕು ವರ್ಷಕ್ಕೆ 10.7 ಕೋಟಿಗೂ ಹೆಚ್ಚು ಕೊಟ್ಟಿತು. ಇಂಡಿಯಾನಾಗೆ ಅಡ್ಡಬಂದದ್ದು ಎರಡನೇ ಏಪ್ರನ್ ಅಲ್ಲ, ಸುಮಾರು ಇಪ್ಪತ್ತು ವರ್ಷದಿಂದ ಲಕ್ಸುರಿ ಟ್ಯಾಕ್ಸ್ ಕಟ್ಟದ ಅಭ್ಯಾಸ. ಫೈನಲ್ಸ್‌ನ ಕೊನೆಯ ಪಂದ್ಯದಲ್ಲಿ ಟೈರೀಸ್ ಹ್ಯಾಲಿಬರ್ಟನ್ ಗಾಯಗೊಂಡು ಮುಂದಿನ ಸೀಸನ್ ಇಲ್ಲವೆಂದಾದ ಮೇಲೆ ಆ ಅಭ್ಯಾಸ ಮುರಿಯಲು ಕಾರಣವೂ ಕಡಿಮೆಯಾಯಿತು. ನಿಯಮ ಅಡ್ಡ ಬಂತು ಎನ್ನುವ ಮಾಲೀಕರ ಮಾತನ್ನು ಒಮ್ಮೆ ಗೆರೆಗಳ ಪಕ್ಕ ಇಟ್ಟು ಅಳೆದು ನೋಡುವುದು ಒಳ್ಳೆಯದು.

ಆಟಗಾರನ ಕಡೆಯಿಂದ

ಇಷ್ಟು ಹೊತ್ತೂ ತಂಡದ ಕಣ್ಣಲ್ಲಿ ನೋಡಿದ್ದಾಯಿತು. ಬರ್ಡ್ ಹಕ್ಕು ತಂಡಕ್ಕೆ ಸಂಬಳ ಕೊಡುವ ಅವಕಾಶವಷ್ಟೇ. ಆಟಗಾರ ಉಳಿಯಲೇಬೇಕೆಂಬ ಕಟ್ಟಳೆ ಅದರಲ್ಲಿಲ್ಲ. ಡಲ್ಲಾಸ್ ಬಳಿ ಜೇಲನ್ ಬ್ರನ್ಸನ್ ಮೇಲೆ ಪೂರ್ತಿ ಹಕ್ಕಿತ್ತು. ಅಗ್ಗಕ್ಕೆ ಸಿಗುತ್ತಿದ್ದಾಗ ವಿಸ್ತರಿಸದೆ ಎಳೆದಾಡಿತು. 2022ರಲ್ಲಿ ಅವರು 10.4 ಕೋಟಿಗೆ ನ್ಯೂಯಾರ್ಕ್‌ಗೆ ಹೋದರು. ಅದೇ ಬ್ರನ್ಸನ್ 2024ರಲ್ಲಿ ನಿಕ್ಸ್‌ಗೆ ಮಾಡಿಕೊಟ್ಟ ಉಪಕಾರ ಈ ಏಪ್ರನ್ ಕಾಲದ ಅತಿ ದೊಡ್ಡ ಉಡುಗೊರೆ. ಒಂದು ವರ್ಷ ಕಾದಿದ್ದರೆ ಐದು ವರ್ಷಕ್ಕೆ 26.9 ಕೋಟಿ ಸಿಗುತ್ತಿತ್ತು. ವಿಸ್ತರಣೆಯ ನಿಯಮ ಹಿಂದಿನ ಸಂಬಳದ ಶೇ 140ಕ್ಕೇ ನಿಲ್ಲುವುದರಿಂದ ಈಗಲೇ ಸಹಿ ಹಾಕಿದರೆ ನಾಲ್ಕು ವರ್ಷಕ್ಕೆ 15.65 ಕೋಟಿ ಮಾತ್ರ. ಅವರು ಈಗಲೇ ಹಾಕಿದರು. ತಂಡದ ಸಂಬಳ ಇಳಿಯಿತು, ಪಕ್ಕದಲ್ಲಿ ಇನ್ನೊಬ್ಬನಿಗೆ ಜಾಗವಾಯಿತು. ತ್ಯಾಗ ಎಂದು ಕೊಂಡಾಡಿದರು. ನನಗೆ ಅದನ್ನು ಓದುವಾಗಲೆಲ್ಲ ಕಸಿವಿಸಿಯಾಗುತ್ತದೆ: ಲೀಗ್ ಮತ್ತು ಮಾಲೀಕರು ಹಾಕಿದ ಗೆರೆಯ ಖರ್ಚನ್ನು ಆಟಗಾರ ತನ್ನ ಜೇಬಿನಿಂದ ಕಟ್ಟಿದ ಎನ್ನುವುದು ಅದರ ಇನ್ನೊಂದು ಹೆಸರು.

ಚಿಕ್ಕ ಆಟಗಾರರಿಗೆ ಆ ಆಯ್ಕೆಯೂ ಇಲ್ಲ. ಮೊದಲ ಒಪ್ಪಂದ ಮುಗಿಸಿದ ಹುಡುಗ ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್ ಆಗುತ್ತಾನೆ; ಹೊರಗಿನವರು ಎಷ್ಟೇ ಕೊಟ್ಟರೂ ಹಳೇ ತಂಡ ಸರಿಗಟ್ಟಿ ಉಳಿಸಿಕೊಳ್ಳಬಹುದು. 2025ರ ಬೇಸಿಗೆಯಲ್ಲಿ ಹೊರಗೆ ದೊಡ್ಡ ಮೊತ್ತ ಕೊಡುವಷ್ಟು ಜಾಗವಿದ್ದ ತಂಡಗಳು ಬೆರಳೆಣಿಕೆಗೂ ಸಾಲದಷ್ಟಿದ್ದವು. ಸ್ಪರ್ಧೆಯೇ ಇಲ್ಲದ ಹರಾಜಿನಲ್ಲಿ ಮನೆಯ ತಂಡ ಯಾಕೆ ಕೂಗಬೇಕು? ಗೋಲ್ಡನ್ ಸ್ಟೇಟ್‌ನ ಜೊನಾಥನ್ ಕುಮಿಂಗಾ ಸೆಪ್ಟೆಂಬರ್ ಕೊನೆಯವರೆಗೆ ಜಗ್ಗಾಡಿ ಎರಡು ವರ್ಷದ ಒಪ್ಪಂದಕ್ಕೆ ಬಂದರು, ಅದರಲ್ಲೂ ಎರಡನೇ ವರ್ಷದ ಆಯ್ಕೆ ತಂಡದ ಕೈಲಿ. ಬ್ರೂಕ್ಲಿನ್‌ನ ಕ್ಯಾಮ್ ಥಾಮಸ್ ಕ್ವಾಲಿಫೈಯಿಂಗ್ ಆಫರ್‌ಗೆ, ಅಂದರೆ ಹಳೇ ತಂಡ ಮುಂದಿಡುವ ಒಂದು ವರ್ಷದ ಒಪ್ಪಂದಕ್ಕೆ, ಸಹಿ ಹಾಕಿದರು, ಸುಮಾರು 60 ಲಕ್ಷ. ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 24 ಅಂಕ ಹೊಡೆದವರು ಅವರು. ಏಪ್ರನ್ ದೊಡ್ಡ ತಂಡಗಳನ್ನು ಕಟ್ಟಿಹಾಕಲು ಬಂತು ಎನ್ನುತ್ತಾರೆ. ಅದರ ಬಿಸಿ ಮೊದಲು ತಟ್ಟಿದ್ದು ಈ ಮಧ್ಯಮ ವರ್ಗಕ್ಕೆ.

ಮುಂದಿನ ಸರದಿ ಒಕ್ಲಹೋಮದ್ದು. 2019ರಿಂದ 2025ರವರೆಗೆ ಏಳು ವರ್ಷ ಏಳು ಬೇರೆ ಬೇರೆ ಚಾಂಪಿಯನ್‌ಗಳು, ಏಳನೆಯದು ಥಂಡರ್. ಈ ಸರಣಿ ಎರಡನೇ ಏಪ್ರನ್ ಬರುವ ಮೊದಲೇ ಶುರುವಾಗಿತ್ತು, ಹಾಗಾಗಿ ಅದರ ಕೀರ್ತಿಯನ್ನೆಲ್ಲ ನಿಯಮಕ್ಕೆ ಕೊಡಲಾಗದು. ಗೆದ್ದ ಮರುತಿಂಗಳು, 2025ರ ಜುಲೈನಲ್ಲಿ, ತಂಡ ಶೇಯ್ ಗಿಲ್ಜಸ್-ಅಲೆಕ್ಸಾಂಡರ್‌ಗೆ ನಾಲ್ಕು ವರ್ಷಕ್ಕೆ 28.5 ಕೋಟಿ, ಜೇಲನ್ ವಿಲಿಯಮ್ಸ್‌ಗೆ ಐದು ವರ್ಷಕ್ಕೆ 28.7 ಕೋಟಿವರೆಗೆ, ಚೆಟ್ ಹೋಮ್‌ಗ್ರೆನ್‌ಗೆ 25 ಕೋಟಿವರೆಗೆ ಒಪ್ಪಂದ ಮಾಡಿತು. ಮೂರೂ ಜಾರಿಗೆ ಬಂದ ಮೇಲೆ ಸಂಬಳ ಮಿತಿಯ ಸುಮಾರು ಐದರಲ್ಲಿ ನಾಲ್ಕು ಭಾಗಕ್ಕೂ ಹೆಚ್ಚನ್ನು ಮೂವರೇ ತಿನ್ನುತ್ತಾರೆ. ಅದನ್ನು ತಂಡ ಮೊದಲೇ ಕಂಡಿತ್ತು. ಹಾರ್ಟನ್‌ಸ್ಟೈನ್ ಮತ್ತು ಲು ಡಾರ್ಟ್ ಇಬ್ಬರ ಒಪ್ಪಂದದಲ್ಲೂ 2026-27ರ ವರ್ಷವನ್ನು ತಂಡದ ಆಯ್ಕೆಗೆ ಬಿಟ್ಟುಕೊಂಡಿತ್ತು: ದೊಡ್ಡ ಬಿಲ್ ಬರುವ ವರ್ಷವೇ ಬಾಗಿಲು ತೆರೆಯುವಂತೆ. ಇದನ್ನು ಕೊಂಡಾಡುವವರು ಬಹಳ. ನನಗಂತೂ ತಾನೇ ಡ್ರಾಫ್ಟ್ ಮಾಡಿ ಬೆಳೆಸಿದ ಆಟಗಾರನ ಸಂಬಳದ ಒಂದು ಪಾಲನ್ನಾದರೂ ಏಪ್ರನ್ ಲೆಕ್ಕದಿಂದ ಹೊರಗಿಡುವುದೇ ನ್ಯಾಯ ಅನಿಸುತ್ತದೆ. ದುಡ್ಡು ಚೆಲ್ಲಿ ತಂಡ ಕೊಳ್ಳುವವನನ್ನೂ 41ನೇ ಸರದಿಯಲ್ಲಿ ಯೋಕಿಚ್‌ನನ್ನು ಹುಡುಕಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮಕ್ಕೆ ಬರ್ಡ್ ಹಕ್ಕಿನ ಮೂಲ ಉದ್ದೇಶ ಮರೆತುಹೋಗಿದೆ.

ಬ್ರೂಸ್ ಬ್ರೌನ್ ಇಂಡಿಯಾನಾದಲ್ಲಿ ಹೆಚ್ಚು ದಿನ ಇರಲಿಲ್ಲ. ಅವರ 2.2 ಕೋಟಿಯ ಸಂಬಳ ಟ್ರೇಡ್‌ನಲ್ಲಿ ಸರಿದೂಗಿಸಲು ಅನುಕೂಲವಾಗಿತ್ತು. 2024ರ ಜನವರಿಯಲ್ಲಿ ಟೊರಾಂಟೊಗೆ, 2025ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್‌ಗೆ. ಆ ಬೇಸಿಗೆಯಲ್ಲಿ ಒಪ್ಪಂದ ಮುಗಿದಾಗ ಅವರು ಡೆನ್ವರ್‌ಗೇ ವಾಪಸು ಬಂದರು, ಒಂದು ವರ್ಷಕ್ಕೆ, ಕನಿಷ್ಠ ಸಂಬಳಕ್ಕೆ. ಫ್ರೀ ಏಜೆಂಟ್ ಆಗಿ ಬಂದದ್ದರಿಂದ ಗಡಿಯಾರ ಮತ್ತೆ ಒಂದರಿಂದ. ವರ್ಷ ಮುಗಿದಾಗ ಡೆನ್ವರ್ ಕೈಲಿರುವುದು ಅದೇ ನಾನ್-ಬರ್ಡ್ ಹಕ್ಕು, ಅದೇ ಶೇ 120.